ಬಾಣಂತಿಯ ಹೊರಸು

ಮಡಕಶಿರಾ, ೧೨-೪-೧೯೩೭

ಅವ್ವನಿಗೆ ಹಾಲಮ್ಮ ಮಾಡುವ ನಮಸ್ಕಾರ.

ತಂಗಿ ಕೊಟ್ರಮ್ಮ ರಾಯದುರ್ಗದಲ್ಲಿ ನಿನ್ನ ಹತ್ತಿರ ಹಡೆದ ಸುದ್ದಿ ತಿಳಿಯಿತು. ಬಳ್ಳಾರಿಯ ಗಿರಣಿಯವರು ಅವಳು ಕೆಲಸಕ್ಕೆ ಬಾರದಿದ್ದರೂ ಏಳು ವಾರ ಕೂಲಿ ಕೊಡುತ್ತಾರಂತೆ, ಕಾಯ್ದೆಯೇ ಹಾಗಿದೆಯಂತೆ. ನಮ್ಮತ್ತೆ ನಂಬಲೇ ಇಲ್ಲ. "ನಿನ್ ತಂಗಿ ಹೆತ್ರೆ ಸಾವ್ಕಾರ ಯಾಕೆ ಕೊಡ್ಬೇಕು? ಮೊದಲ್ನೇ ಬಾಣಂತನ ತವರಿಂದು, ಎರಡ್ನೇದು ಗಂಡನ ಮನೇದು" ಅಂದರು.

ನನ್ನ ಮೊದಲನೆಯದಕ್ಕೆ, ಕಡಲೆಕಾಯಿ ಕೀಳುವ ಕಾಲವೆಂದು ನಿನ್ನ ಅಳಿಯ ಇಪ್ಪತ್ತೊಂದನೇ ದಿನವೇ ಕರೆಯಲು ಬಂದರು. ನೀನು "ಹೋಗವ್ವ, ಕರ್ಯಾಕ ಬಂದಾರ" ಅಂದೆ. ಕೊಟ್ರಮ್ಮನಿಗಾದರೆ ಮೂರು ತಿಂಗಳು ಹೊರಸಿನ ಮೇಲೆ ಮಲಗುವುದು, ಕೆಳಗೆ ಕೆಂಡ, ದಿನಾ ಅಂಟಿನುಂಡೆಯಂತೆ. ಇರಲಿ, ಮಲಗಿದಲ್ಲೇ ಕೂಲಿ ತರುವ ಮಗಳು.

ಕೊಟ್ರಮ್ಮ, ಅವ್ವನಿಗೆ ಇದನ್ನು ಓದಿ ಹೇಳುತ್ತಿರುವವಳು ನೀನೇ ಎಂದು ನನಗೆ ಗೊತ್ತು. ಮೇಲಿನದನ್ನು ಬಿಟ್ಟರೂ ಇದನ್ನು ಬಿಡದೆ ಓದು. ನೀನು ಎದ್ದ ಮೇಲೆ ಆ ಹೊರಸನ್ನು ಅಟ್ಟಕ್ಕೆ ಹಾಕಬೇಡಿರಿ. ನನಗೆ ಈಗ ಐದು ತಿಂಗಳು. ನನಗೆ ಗಿರಣಿಯಿಲ್ಲ. ಎರಡನೆಯದಕ್ಕೂ ನನ್ನನ್ನು ಕರೆಸಿಕೊಳ್ಳುತ್ತಾಳೆಯೇ ಎಂದು ಅವ್ವನನ್ನು ಕೇಳು. ಅವಳು ಏನು ಹೇಳುತ್ತಾಳೋ ಅದನ್ನೇ ಬರೆ, ನೀನಾಗಿ ಏನೂ ಸೇರಿಸಬೇಡ.

ಇಂತಿ,
ಅವ್ವನ ಹಿರಿಯ ಮಗಳು
ಹಾಲಮ್ಮ