ರಸ್ತೆ ಅಂಚಿನ ಎರಡು ಸಾಲು

೨೭ ಮೇ ೧೯೪೩, ಸಂಜೆ

ಬೆಳಗಿನ ಹಾಜರಿಗೆ, ಮಸ್ಟರಿಗೆ, ಮೂವತ್ತೊಂದು ಆಳು. ಎಂಟು ಜನಕ್ಕೆ ಜ್ವರವಂತೆ. ಅದರಲ್ಲಿ ಐದು ಜನರದ್ದು ನಿನ್ನೆಯ ಕಳ್ಳಿನ ಜ್ವರ.

ಕಾಫಿಗೆ ಮೈಲುತುತ್ತದ ಔಷಧಿ ಇವತ್ತು ಶುರು. ಮಳೆ ಹಿಡಿಯುವುದರೊಳಗೆ ಮುಗಿಯಬೇಕೆಂದು ತೋಟದ ಇಂಗ್ಲಿಷ್ ದೊರೆಯ ಹುಕುಂ. ತುತ್ತ, ಸುಣ್ಣ ಅಳೆದು ಕೊಡುವುದು ತೋಟದ ಲೆಕ್ಕ ಬರೆಯುವ ರೈಟರ್ ನಾನು. ಹೊಡೆಯುವುದು ಕೆಂಚ. ಮೊದಲ ಪೀಪಾಯಿ ರಸ್ತೆ ಅಂಚಿನ ಎರಡು ಸಾಲಿಗೆ. ಸುಣ್ಣ ಹಳತು, ಸಪ್ಪೆ.

"ಕತ್ತಿ ಅದ್ದಿ ನೋಡ್‌ಬುಡಾನ ರೈಟ್ರೇ," ಅಂದ ಕೆಂಚ. ಕತ್ತಿಗೆ ತುತ್ತದ ತಾಮ್ರ ಹತ್ತಿದರೆ ಸುಣ್ಣ ಸಾಲದು, ಎಲೆ ಸುಡುತ್ತದೆ ಎಂದರ್ಥ. ಮೋಡ ಬೇರೆ ಏರುತ್ತಿತ್ತು. "ನಂಗೇ ಪಾಠ ಹೇಳ್ತೀಯಾ? ಹೊಡಿ," ಅಂದೆ. ಎರಡನೇ ಪೀಪಾಯಿಯಿಂದ ಮಾತ್ರ, ಯಾರಿಗೂ ಹೇಳದೆ, ಒಂದು ಸೇರು ಸುಣ್ಣ ಹೆಚ್ಚು ಹಾಕಿದೆ.

೨ ಜೂನ್

ಎರಡೂ ಸಾಲು ಸುಟ್ಟಿವೆ. ಎಲೆಯಂಚು ಕಂದು, ಚಿಗುರು ಕರಕಲು, ಎಳೆಕಾಯಿ ಉದುರುತ್ತಿದೆ. ಮಿಕ್ಕ ತೋಟ ಚೆನ್ನಾಗಿದೆ.

"ಹೊಡೆದದ್ದು ಯಾರು, ಸಾಂತಪ್ಪ?" ಅಂದರು ದೊರೆ. ಕೆಂಚ ಅಂದೆ. ಸುಳ್ಳಲ್ಲವಲ್ಲ...

"ಅವನು ಲೈನ್ ಖಾಲಿ ಮಾಡ್ಬೇಕು."

ಹತ್ತು ವರ್ಷದಿಂದ ಅದೇ ಕೂಲಿಲೈನಿನ ಮನೆಯಲ್ಲಿರುವವರು, ಕೆಂಚ ಮತ್ತು ಹೆಂಡತಿ ದೊಡ್ಡಿ. ಮಳೆಗಾಲದ ಬಾಯಲ್ಲಿ ಎಲ್ಲಿಗೆ ಹೋಗುತ್ತಾರೆ? ಬಾಯಿಗೆ ಬಂದದ್ದು ಅಂದುಬಿಟ್ಟೆ: "ಔಷಧಿಯಲ್ಲ ಸರ್, ಹೊಗೆ. ಲಾರಿ ಹೊಗೆ, ಇದ್ದಿಲ ಬಸ್ಸಿನ ಹೊಗೆ. ರಸ್ತೆ ಬದಿ ಮಾತ್ರ ಸುಟ್ಟಿದೆ ನೋಡಿ."

ದೊರೆ ರಸ್ತೆ ಕಡೆ ನೋಡಿದರು. "ಪ್ರೂವ್ ಇಟ್. ಸೋಮವಾರದೊಳಗೆ."

೩ ಜೂನ್

ಬೆಳಿಗ್ಗೆಯಿಂದ ಗೇಟಿನಲ್ಲೇ ಕೂತಿದ್ದೆ. ಮಿಲಿಟರಿಗೆ ಮರ ಸಾಗಿಸುವ ಲಾರಿ, ಊಟದ ಹೊತ್ತಿಗೆ ಇಪ್ಪತ್ತೆರಡು. ಯುದ್ಧದಿಂದ ಪೆಟ್ರೋಲ್ ಸಿಗದೆ ಇದ್ದಿಲಿನಲ್ಲಿ ಓಡುವ ಬಸ್ಸು ಏರಿನಲ್ಲಿ ನಿಂತು, ಒಲೆ ಕೆದಕಿ, ಕರಿಮೋಡ ಬಿಟ್ಟು ಹೋಯಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಆದರೂ ಹೊಗೆ ಹೆಚ್ಚಾದಷ್ಟೂ ನನಗೆ ಖುಷಿ!

೪ ಜೂನ್, ಮಧ್ಯಾಹ್ನ

ಹೊಗೆಗೆ ಸತ್ತ ಗಿಡ ಹುಡುಕಲು ಹೊರಟೆ. ಗಿಡಗಳ ಗುರುತು ಬಲ್ಲವಳೆಂದು ದೊಡ್ಡಿಯನ್ನೂ ಕರೆದುಕೊಂಡೆ. ರಸ್ತೆ ಬದಿಯ ಬೇಲಿಗುಂಟ ಅರ್ಧ ಮೈಲಿ ನಡೆದೆವು. ಒಂದೂ ಸತ್ತಿಲ್ಲ! ಲಂಟಾನ ಮಸಿ ಹಿಡಿದು ಕಾವಲಿಯಂತಿದೆ, ಮೇಲೆ ಹೂ ಬೇರೆ. ಅತ್ತಿಯ ದೊರಗು ಎಲೆಯ ಮೇಲೆ ಬೆರಳು ದಪ್ಪ ಧೂಳು, ಅದಕ್ಕೆ ಪರಿವೆಯೇ ಇಲ್ಲ. ನೆರಳಿನ ಮರ ಹಾಲುವಾಣವೂ ಹಾಗೇ.

"ಇವಕ್ಕೇನಾಯ್ತದೆ ರೈಟ್ರೇ? ಒಂದ್ ಮಳೆ ಬಿದ್ರೆ ಮೊಕ ತೊಳ್ಕಂಡಂಗೆ," ಅಂದಳು.

ಬಸ್ಸು ನಿಲ್ಲುವ ಏರಿನಲ್ಲಿ, ಬೇಲಿಯಾಚೆ, ತಾನಾಗಿ ಹುಟ್ಟಿದ ಮೂರು ಕಾಫಿ ಸಸಿ. ಔಷಧಿ ಅಲ್ಲಿಗೆ ಮುಟ್ಟಿಲ್ಲ. ಎಲೆಯನ್ನು ಹೆಬ್ಬೆರಳಿಂದ ಒರೆಸಿದೆ. ಮಸಿಯೆಲ್ಲ ಬೆರಳಿಗೆ ಬಂತು. ಕೆಳಗೆ ಹೊಳೆಯುವ ಹಸಿರು.

ಅದೇ ಮಣ್ಣು, ಅದೇ ಹೊಗೆ. ಇಲ್ಲದಿದ್ದದ್ದು ನನ್ನ ಪೀಪಾಯಿ ಮಾತ್ರ.

ಮೂರನ್ನೂ ಕಿತ್ತು ಚರಂಡಿಗೆ ಎಸೆದೆ.

"ಯಾಕ್ ಕಿತ್ರಿ?"

"ಕಳೆ."

"ಕಾಫಿ ಕಳೆನಾ ರೈಟ್ರೇ?"

ಬೆರಳಿನ ಮಸಿ ಪಂಚೆಗೆ ಒರೆಸಿಕೊಂಡು ತಿರುಗಿ ಬಂದೆ.

೫ ಜೂನ್

ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಹೊಗೆಯ ತಪ್ಪೆಂದಾದರೆ ಕೆಂಚನೂ ಉಳಿಯುತ್ತಾನೆ, ನಾನೂ. ಅವನಿಗಾಗಿಯೇ ಕಿತ್ತೆ — ಥೂ! ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆಯುತ್ತಿದ್ದೇನೆ.

೭ ಜೂನ್, ಸೋಮವಾರ

ದೊರೆ ನನ್ನನ್ನೇನೂ ಕೇಳಲಿಲ್ಲ. ತಾವೇ ಬೇಲಿಗೆ ಹೋಗಿ ಲಂಟಾನ, ಅತ್ತಿ, ಹಾಲುವಾಣ, ಒಂದೊಂದರ ಎಲೆಯನ್ನೂ ಕರ್ಚೀಫಿನಿಂದ ಒರೆಸಿದರು. ಎಲ್ಲ ಹಸಿರು.

"ನಿನ್ನ ಸ್ಮೋಕ್ ಇನ್ನೋಸೆಂಟ್, ಸಾಂತಪ್ಪ."

ಕೆಂಚ ಬುಧವಾರ ಹೊರಡಬೇಕು. ಅಲ್ಲೇ ನಿಂತಿದ್ದ. ಕತ್ತಿಯ ಮಾತು ಅವನು ಹೇಳಬಹುದಿತ್ತು. ನನ್ನ ಮುಖ ನೋಡಿದ, ತಲೆ ತಗ್ಗಿಸಿದ. ಕೂಲಿಯ ಮಾತು ಯಾರು ನಂಬುತ್ತಾರೆ ಅಂದುಕೊಂಡನೋ, ನಾನೇ ಹೇಳುತ್ತೇನೆ ಅಂದುಕೊಂಡನೋ. ನಾನು ಹೇಳಿದರೆ ನನ್ನ ಈ ಕೆಲಸ, ಈ ಮನೆ ಎರಡೂ ಹೋಗುತ್ತವೆ. ಹೇಳಲಿಲ್ಲ. ನನ್ನಂಥ ಹೇಡಿ ಈ ತೋಟದಲ್ಲಿ ಇನ್ನೊಬ್ಬನಿಲ್ಲ.

೯ ಜೂನ್, ಬೆಳಿಗ್ಗೆ ೮

ಲೈನಿನ ಮುಂದೆ ಅವರ ಗಂಟುಮೂಟೆ. ದೊಡ್ಡಿ ನನ್ನ ಬಾಗಿಲಿಗೆ ಬಂದಳು. ಬೈಯಲು ಬಂದಳೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಗೋಣಿಕೊಪ್ಪದ್ ಕಡೆ ತೋಟದಾಗೆ ಕೇಳ್ತೀವಿ. ನಮ್ಮೋನು ಒಳ್ಳೆ ಕೆಲ್ಸಗಾರ ಅಂತ ಒಂದ್ ಚೀಟಿ ಬರ್ಕೊಡಿ ರೈಟ್ರೇ. ನಿಮ್ ಮಾತು ನಡೀತದೆ."

ಓದಲು ಬಾರದವಳು. ಏನು ಬರೆದರೂ ಸೆರಗಿಗೆ ಕಟ್ಟಿಕೊಂಡು ಹೋಗುತ್ತಾಳೆ. ಅಲ್ಲಿಯ ದೊರೆ ಮಾತ್ರ ಓದುತ್ತಾನೆ, ನಮ್ಮ ದೊರೆಗೂ ತಿಳಿಸುತ್ತಾನೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ. ಹೊರಗೆ ಕಾಯುತ್ತಿದ್ದಾಳೆ.

'ಕೆಂಚನು ಹತ್ತು ವರ್ಷದಿಂದ ಈ ತೋಟದಲ್ಲಿ ಔಷಧಿ ಹೊಡೆಯುತ್ತ ಬಂದವನು. ಒಳ್ಳೆಯ ಕೆಲಸಗಾರ. ಎರಡು ಸಾಲು ಕಾಫಿ ಸುಟ್ಟದ್ದು ಅವನಿಂದಲ್ಲ. ತಪ್ಪು ಮಾಡಿದವನು ಈ ತೋಟದ ರೈಟರ್ ಸಾಂ—' ಪೆನ್ನು ಇಲ್ಲೇ ನಿಂತಿದೆ.