ಕೈ ಹಿಡಿಯುವ ಮೊದಲು ಕೇಳಿದ ರಾಜಕುಮಾರ

ಕೋಡಿ, ಕುಂದಾಪುರ
ಗುರುವಾರ, 6-2-2025

ಪ್ರೀತಿಯ ಮಗ ರತನ್,

ಹೇಗಿದ್ದೀ ಮಗಾ? ಮಂಜುಗಡ್ಡೆಯ ನೀರಿನಲ್ಲಿ ನಿಂತೂ ನಿಂತೂ ಕಾಲ್ಬೆರಳ ಸಂದಿಯಲ್ಲಿ ಆಗಿದ್ದ ಹುಣ್ಣು ಮಾಗಿತೋ? ಮುಂಬಯಿ ಬಂದರಿನ ಧಕ್ಕೆಯಲ್ಲಿ ಬೂಟು ಹಾಕಿಕೊಂಡು ಮೀನು ಇಳಿಸುವವರನ್ನು ಕಂಡು ನೀನು ನಗುತ್ತೀಯಂತೆ, ದಿವ್ಯಾ ಹೇಳಿದಳು. ನಗಬೇಡ, ನೀನೂ ಹಾಕಿಕೋ. ಮಲಗುವಾಗ ತೆಂಗಿನೆಣ್ಣೆಗೆ ಅರಿಸಿನ ಕಲಸಿ ಹಚ್ಚು. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿನ್ನ ಹೆಂಡತಿ ದಿವ್ಯಾ, ಮಗಳು ಚಂದನಾ ಚೆನ್ನಾಗಿದ್ದಾರೆ. ಈ ಕಾಲದಲ್ಲಿ ಪತ್ರ ಯಾಕೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಾದರೆ ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಕಟ್ ಮಾಡುತ್ತೀ. ಸೋಮವಾರವೂ ಹಾಗೇ ಮಾಡಿದೆ. ಕಾಗದಕ್ಕೆ ಆ ಗುಂಡಿ ಇಲ್ಲ, ಪೂರ್ತಿ ಓದು.

"ಚಂದನಾ ಇನ್ ಮೇಲೆ ವೇಷ ಹಾಕೂದ್ ಬ್ಯಾಡ. ಹಂಗಾರಕಟ್ಟೆಯರಿಗೆ ನಾ ಮಾತ್ ಕೊಟ್ಟಾಯ್ತ್" ಎಂದೆಯಲ್ಲ ನೀನು. ಅಲ್ಲಿಯ ದೋಣಿ ಕಟ್ಟುವವರ ಮಗ ಸಚಿನನಿಗೆ ನಿನ್ನ ಮಗಳನ್ನು ಕೊಡುವುದು ಎಂದು ಫೋನಿನಲ್ಲೇ ತೀರ್ಮಾನ ಮಾಡಿದ್ದೀ. ಅವನ ಸೋದರಮಾವ ನಮ್ಮೂರ ಹೆಣ್ಣುಮಕ್ಕಳ ಮೇಳದ ಆಟ ನೋಡಲು ಬಂದು, ಮೂರು ನಿಮಿಷದ ವಿಡಿಯೋ ತೆಗೆದು, ಮದುವೆಯಾಗಬೇಕಾದ ಹುಡುಗಿ ಗಂಡುವೇಷ ಹಾಕಿ ಯಕ್ಷಗಾನವನ್ನೇ ಕೆಡಿಸಿದಳು ಎಂದು ನಿನಗೆ ಕಳಿಸಿದರು. ನೀನು ನೋಡಿದ್ದು ಆ ಮೂರು ನಿಮಿಷ. ನಾನು ಎದುರಿನ ಸಾಲಿನಲ್ಲಿ ಕೂತು ಪೂರ್ತಿ ನೋಡಿದವಳು.

ಹಳೆಯ ಪ್ರಸಂಗಗಳ ಪ್ರೇಮ ಹೇಗಿರುತ್ತದೆ ಎಂದು ನಿನಗೆ ಗೊತ್ತು, ಚಿಕ್ಕಂದಿನಲ್ಲಿ ನನ್ನ ತೊಡೆಯ ಮೇಲೆ ಮಲಗಿ ಎಷ್ಟು ನೋಡಿಲ್ಲ! ರಾಜಕುಮಾರ ಬೇಟೆಗೆ ಬರುತ್ತಾನೆ, ಹೂ ಕೊಯ್ಯುವ ರಾಜಕುಮಾರಿಯನ್ನು ಕಾಣುತ್ತಾನೆ, ಕಂಡ ಮಾತ್ರಕ್ಕೆ ಎದೆ ಹಿಡಿದುಕೊಂಡು ಮೂರ್ಛೆ ಹೋಗುತ್ತಾನೆ. ಹುಲಿ ಹೊಡೆಯಲು ಬಂದವನು ಒಂದು ಹುಡುಗಿಯನ್ನು ಕಂಡು ದೊಪ್ಪೆಂದು ಬೀಳುವುದು! ಎದ್ದವನೇ ಕೈ ಹಿಡಿದು ಎಳೆಯುತ್ತಾನೆ. ಅವಳು ಬಿಡು ಬಿಡು ಎಂದರೆ ಅದು ನಾಚಿಕೆ ಎಂದು ಎಲ್ಲರೂ ಮೊದಲೇ ತಿಳಿದುಕೊಂಡಿರುತ್ತಾರೆ, ಹಿಂದಿನಿಂದ ಸಿಳ್ಳೆ ಬೀಳುತ್ತದೆ. ಆಮೇಲೆ ರಥ, ಅವಳ ಅಣ್ಣನ ಜೊತೆ ಯುದ್ಧ, ಮದುವೆ. ಮದುವೆಯ ಪದ್ಯ ಆಯಿತೋ, ರಾಜಕುಮಾರಿಗೆ ಮುಂದೆ ಒಂದೇ ಒಂದು ಮಾತಿಲ್ಲ. ಆ ವೇಷ ಹಾಕಿದ ಗಂಡಸು ರಂಗದ ಹಿಂದಿನ ಚೌಕಿಗೆ ಹೋಗಿ ಬಣ್ಣ ಒರೆಸಿ ಬೀಡಿ ಹಚ್ಚುತ್ತಾನೆ. ಐವತ್ತು ವರ್ಷ ನಾನೂ ಇದಕ್ಕೆ ಚಪ್ಪಾಳೆ ತಟ್ಟಿದವಳೇ. ಕುಣಿತ ಚಂದ, ಪದ್ಯ ಚಂದ, ಇಲ್ಲವೆನ್ನಲಾರೆ.

ಮೊನ್ನೆ ಆದಿತ್ಯವಾರ ಸಂಜೆ ಶಾಲೆಯ ಮೈದಾನದಲ್ಲಿ ಚಂದನಾ ರಾಜಕುಮಾರ, ಅವಳ ಗೆಳತಿ ಮೋಕ್ಷಿತಾ ರಾಜಕುಮಾರಿ. ಯಕ್ಷಗಾನದಲ್ಲಿ ಬರೆದಿಟ್ಟದ್ದು ಪದ್ಯ ಮಾತ್ರ, ಮಾತು ವೇಷಧಾರಿಯದ್ದೇ. ಭೋಜರಾಜ ಭಾಗವತರು ರಾಜಕುಮಾರ ಅವಳ ಕೈ ಹಿಡಿದ ಎಂಬ ಪದ್ಯ ಹಾಡಿ ನಿಲ್ಲಿಸಿದರು. ಚಂದನಾ ಚಾಚಿದ ಕೈಯನ್ನು ಅರ್ಧದಲ್ಲೇ ತಡೆದಳು. "ಭಾಗವತರು ಅವಸರ ಮಾಡಿದರು. ರಾಜಕುಮಾರಿ, ನಾನಿನ್ನೂ ನಿನ್ನನ್ನು ಕೇಳಿಯೇ ಇಲ್ಲ. ಕೈ ಹಿಡಿಯಬಹುದೇ?" ಎಂದಳು. ಮೋಕ್ಷಿತಾ ಇದಕ್ಕೆ ತಯಾರಾಗಿರಲಿಲ್ಲ, ಪಾಪ. ಕಣ್ಣು ಪಿಳಿಪಿಳಿ ಬಿಟ್ಟು "ಯೋಚಿಸಿ ಹೇಳುತ್ತೇನೆ" ಎಂದುಬಿಟ್ಟಳು! ಮುಂದಿನದು ರಥ ಏರುವ ಪದ್ಯ. ಭಾಗವತರು ತಾಳ ಹಿಡಿದುಕೊಂಡು ಕೂತರು, ಮದ್ದಳೆಯವರು ಅವರ ಮುಖ ನೋಡಿದರು. ಚಂದನಾ "ಹಾಗಾದರೆ ಕಾಯುತ್ತೇನೆ" ಎಂದು ರಂಗದ ಮೂಲೆಗೆ ಹೋಗಿ ನಿಂತಳು. "ಹ್ವಾಯ್, ಬೆಳ್ಗಾತ್ತ್ ಮಾರಾಯ, ಕೈ ಹಿಡಿ ಕಾಂಬ!" ಎಂದು ಹಿಂದಿನಿಂದ ಯಾರೋ ಕೂಗಿದರು, ಗಂಡಸರೆಲ್ಲ ನಕ್ಕರು. ಹೆಂಗಸರ ಸಾಲಿನಲ್ಲಿ ಯಾರೂ ನಗಲಿಲ್ಲ. ಕೊನೆಗೆ ಮೋಕ್ಷಿತಾ ತಾನೇ ನಡೆದು ಹೋಗಿ ಕೈ ಚಾಚಿದಳು, ಆಮೇಲೆ ಪದ್ಯ ಬಂತು. ನಿನಗೆ ಬಂದ ವಿಡಿಯೋದಲ್ಲಿ ಇದು ಇತ್ತೋ ಇಲ್ಲವೋ.

ನಿನ್ನ ಮಗಳು ಕೇಳಿದ್ದು ಮೋಕ್ಷಿತಾಳನ್ನು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ನಾನು "ಹೂಂ" ಎಂದುಬಿಟ್ಟೆ, ಪಕ್ಕದವಳು ತಿರುಗಿ ನೋಡುವಷ್ಟು ಜೋರಾಗಿ. ಅರವತ್ತೆಂಟು ವರ್ಷದ ಮುದುಕಿ! ನಿನ್ನ ಅಪ್ಪ ಒಳ್ಳೆಯ ಮನುಷ್ಯ, ಒಂದು ದಿನವೂ ನನ್ನ ಮೇಲೆ ಕೈ ಮಾಡಿದವರಲ್ಲ. ತೆಕ್ಕಟ್ಟೆಯಲ್ಲಿ ಬುಟ್ಟಿ ಇಳಿಸಿ ಮೀನು ಮಾರುತ್ತಿದ್ದ ನನ್ನನ್ನು ನೋಡಿದರು, ಹೋಗಿ ನನ್ನ ಅಣ್ಣನನ್ನು ಕೇಳಿದರು. ಅಣ್ಣ ಒಪ್ಪಿದ. ನನಗೆ ಗೊತ್ತಾದದ್ದು ಸೀರೆ ಬಂದ ಮೇಲೆ. ಕೇಳಿದ್ದರೆ ಹೂಂ ಎನ್ನುತ್ತಿದ್ದೆ ರತನ್, ಖಂಡಿತ ಎನ್ನುತ್ತಿದ್ದೆ. ನನಗೂ ಅವರನ್ನು ಕಂಡರೆ ಆಸೆ ಇತ್ತು. ಅದನ್ನು ಬಾಯಿಬಿಟ್ಟು ಹೇಳುವ ಒಂದು ಸಂದರ್ಭವೂ ಬರಲಿಲ್ಲ, ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಆ ಸಂಕಟ ನನಗೆ ಇಂದಿಗೂ ಇದೆ.

ಅದಕ್ಕೇ ಹೇಳುತ್ತಿದ್ದೇನೆ, ಚಂದನಾ ವೇಷ ಬಿಡುವುದಿಲ್ಲ. ಮುಂದಿನ ಆಟ ಬೈಂದೂರಿನಲ್ಲಿ, ಗೆಜ್ಜೆ ಕಟ್ಟಲು ನಾನೇ ಜೊತೆಗೆ ಹೋಗುತ್ತೇನೆ. ಮಾತು ಕೊಟ್ಟಾಯಿತು ಎನ್ನುತ್ತೀಯಲ್ಲ, ಅದು ಯಾರ ಮಾತು? "ಅಪ್ಪ ನನ್ನತ್ರ ಒಂದ್ ಮಾತ್ ಕೇಣ್ಲಿಲ್ಲ ಅಜ್ಜಿ" ಎಂದು ಅವಳು ಅಕ್ಕಿ ಆರಿಸುತ್ತಾ ಹೇಳಿದಳು. ಅಳಲಿಲ್ಲ, ಕಲ್ಲು ಹೆಕ್ಕುತ್ತಲೇ ಇದ್ದಳು. ದಿವ್ಯಾ ನಿನ್ನೆದುರು ಬಾಯಿ ಬಿಡುವವಳಲ್ಲ. ನಾನು ಬಿಡುತ್ತೇನೆ, ನೀನು ಹುಟ್ಟುವ ಮೊದಲೇ ಮೀನುಪೇಟೆಯಲ್ಲಿ ಪಳಗಿದ ಬಾಯಿ ಇದು. ಸಿಟ್ಟು ಬಂದರೆ ಬರಲಿ, ಊರಿಗೆ ಬಂದು ನನ್ನೆದುರು ಕೂತು ಜಗಳ ಮಾಡು, ಬಂಗುಡೆ ಸಾರು ಮಾಡಿಟ್ಟಿರುತ್ತೇನೆ.

ದೇವರು ನಿನಗೆ ಆರೋಗ್ಯ ಕೊಡಲಿ, ಜೊತೆಗೆ ಒಂದಿಷ್ಟು ಬುದ್ಧಿಯನ್ನೂ. ಬೂಟು ಮರೆಯಬೇಡ.

ನಿನ್ನ ಅಮ್ಮ,
ಜಲಜ

ತಾ.ಕ.: ಪೋಸ್ಟಿನವರು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ನಾನು ಸಾಸ್ತಾನದಲ್ಲಿ ಬಸ್ಸು ಬದಲಿಸಿ ಹಂಗಾರಕಟ್ಟೆಗೆ ಹೋಗಿ, ನೀನು ಕೊಟ್ಟ ಮಾತು ನಡೆಯುವುದಿಲ್ಲ ಎಂದು ಹೇಳಿ ಬಂದೆ. ಸೋದರಮಾವ ಹಾರಾಡಿದರು. ಸಚಿನ್ ದೋಣಿಯ ಹಲಗೆ ಕೆತ್ತುವುದನ್ನು ನಿಲ್ಲಿಸಿದ. ನಾನು ವಾಪಸ್ ಬಸ್ಸಿಗೆ ಕಾಯುತ್ತಿದ್ದಾಗ ಕೈಯಲ್ಲಿ ಉಳಿ ಹಿಡಿದುಕೊಂಡೇ ಓಡಿ ಬಂದ. "ಅಜ್ಜಿ, ನಾನೇ ಬಂದ್ ಅವ್ಳತ್ರ ಕೇಣ್ಲಕ್ಕಾ?" ಎಂದ. "ಕೇಣ್. ಆದ್ರೆ ಅವ್ಳ್ ಇಲ್ಲ ಅಂದ್ರೆ ಇಲ್ಲ" ಎಂದೆ. ಇವತ್ತು ಬೆಳಿಗ್ಗೆ ಬಂದು ನಮ್ಮ ಅಂಗಳದಲ್ಲಿ ನಿಂತು ಕೇಳಿದ. "ಯೋಚ್ನಿ ಮಾಡಿ ಹೇಳ್ತೆ" ಎಂದಳು ನಿನ್ನ ಮಗಳು. ಕಾಯುತ್ತೇನೆ ಎಂದು ಹೇಳಿ ಹೋದ. ನೀನು ಮದುವೆಗೆ ಹಾಲ್ ಬುಕ್ ಮಾಡಿದ್ದರೆ ರದ್ದು ಮಾಡು. ನೀನೂ ಕಾಯಿ.