ಗೋಡೆಯಕ್ಕನೋ, ನಮ್ಮ ಪುಟ್ಟಿಯೋ

ಸೋಮವಾರ, ಬೇಕರಿಯ ಮಧ್ಯಾಹ್ನದ ಬಿಡುವಿನಲ್ಲಿ

ನನ್ನ ಮುದ್ದಿನ ಅಕ್ಕಾ,

ಕಾಲಿನ ಪ್ಲಾಸ್ಟರ್ ಬಿಚ್ಚುವವರೆಗೆ ಮಂಚ ಇಳಿಯಬೇಡ ಎಂದು ಡಾಕ್ಟರು ಹೇಳಿದ್ದರೂ ನೀನು ಕುಂಟಿಕೊಂಡು ಅಡುಗೆಮನೆಗೆ ಹೋಗುತ್ತಿರುತ್ತೀಯೆಂದು ನನಗೆ ಗೊತ್ತು. ಹೋಗಬೇಡ. ಕೂತು ಇದನ್ನು ಓದು. 'ಹೆತ್ತ ಮಗಳು ಫೈನಲ್ ಆಡೋದು ಬೇಡ ಅಂದೆಯಂತೆ, ನಿಜವೇನೇ?' ಎಂದು ನೀನು ಫೋನಿನಲ್ಲಿ ಕೇಳಿದಾಗ ಅಂಗಡಿ ತುಂಬ ಜನ. ಹೂಂ ಎಂದು ಇಟ್ಟುಬಿಟ್ಟೆ. ಈಗ ಪೂರ್ತಿ ಹೇಳುತ್ತೇನೆ.

ನಮ್ಮೂರ ಹೆಂಗಸರ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಗೋಡೆಯಕ್ಕ ನಿನಗೆ ಗೊತ್ತಲ್ಲ, ಕೈ ಚಾಚಿದರೆ ಮೇಲಿನ ಅಡ್ಡಪಟ್ಟಿ ಮುಟ್ಟುವವಳು. ಭುಜ ಉಳುಕಿ ಅವಳು ಹೊರಗೆ ಕೂತಾಗ ಆ ಜಾಗಕ್ಕೆ ನಮ್ಮ ಪುಟ್ಟಿ ಬಂದಳು. ಬಂದವಳು ಬೆಕ್ಕಿನಂತೆ ಹಾರಿ, ಉರುಳಿ, ಮೊಣಕೈ ತರಚಿಕೊಂಡು ತಂಡವನ್ನು ಫೈನಲ್‌ವರೆಗೆ ತಂದು ನಿಲ್ಲಿಸಿದಳು. ಸರಿಯಾಗಿ ಆಗಲೇ ಗೋಡೆಯಕ್ಕನ ಭುಜ ವಾಸಿಯಾಗಬೇಕೇ! ಫೈನಲ್‌ಗೆ ಯಾರು? ಊರಿಗೆ ಊರೇ ಎರಡು ಹೋಳಾಯಿತು.

ಆಟದ ಮೈದಾನದ ಎದುರು ಬೇಕರಿ ಇಟ್ಟವರ ಪಾಡು ಕೇಳಬೇಡ. ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಜಗಳ ಬಾಗಿಲಲ್ಲಿ ನಿಂತಿರುತ್ತಿತ್ತು. ಬಸ್ ಡ್ರೈವರ್ ಗೋಡೆಯಕ್ಕನ ಕಡೆ. 'ಘಾಟಿ ತಿರುವಲ್ಲಿ ಹೊಸಬರ ಕೈಗೆ ಸ್ಟೀರಿಂಗ್ ಕೊಡ್ತೀರೇನ್ರಿ?' ಎಂದು ಗಾಜಿನ ಕಪಾಟು ಅದುರುವಂತೆ ಗುದ್ದುವನು. ಟೈಲರ್ ಪುಟ್ಟಿಯ ಕಡೆ. 'ಒಂದ್ಸಲ ಬಿಚ್ಚಿಕೊಂಡ ಹೊಲಿಗೆ ಅಲ್ಲೇ ಮತ್ತೆ ಬಿಚ್ಚೋದು. ಆ ಭುಜ ನಂಬಬೇಡಿ' ಎನ್ನುವನು. ನಮ್ಮೆಜಮಾನರ ಪಕ್ಷ ಹೇಳಬೇಕೇ? ಹೆತ್ತವರಿಗೆ ಹೆಗ್ಗಣ ಮುದ್ದು. ಮಗಳನ್ನು ಹೊಗಳುವ ಭರದಲ್ಲಿ ಎರಡು ಟ್ರೇ ಬನ್ನು ಸೀದು ಇದ್ದಿಲಾದವು.

ಕೊನೆಗೆ ಗುರುವಾರ ಡ್ರೈವರ್ ನನ್ನ ಕಡೆ ತಿರುಗಿ, 'ನೀವು ಹೇಳಿ ಅಕ್ಕಾ, ಈ ಗುಂಪಿನಲ್ಲಿ ಆಟ ಅರ್ಥ ಆಗೋದು ನಿಮಗೊಬ್ಬರಿಗೇ' ಎಂದ. ನಾನು ಬ್ರೆಡ್ ಕತ್ತರಿಸುತ್ತಲೇ ಹೇಳಿದೆ: ಫೈನಲ್‌ನಲ್ಲಿ ನಮ್ಮೆದುರು ಆಡುವ ಹೊಳೆಯಾಚೆಯವರ ಬಲವೆಲ್ಲ ಮೈದಾನದ ಮೂಲೆಯಿಂದ ಬರುವ ಎತ್ತರದ ಚೆಂಡು. ಅವರ ಆ ಉದ್ದನೆಯ ಹುಡುಗಿ ತಲೆ ಕೊಟ್ಟರೆ ಗೋಲು. ನಮ್ಮ ಪುಟ್ಟಿ ನೆಲದ ಚೆಂಡಿಗೆ ಮಿಂಚು, ಆದರೆ ಎತ್ತರದ ಚೆಂಡು ಬಂದರೆ ಗೋಲಿನ ಗೆರೆ ಬಿಟ್ಟು ಮುಂದೆ ಬರುವುದಿಲ್ಲ. ಆದ್ದರಿಂದ ಗೋಡೆಯಕ್ಕನೇ ನಿಲ್ಲಬೇಕು.

ನಮ್ಮವರು ಹಿಟ್ಟು ಮೆತ್ತಿದ ಕೈ ಸೊಂಟಕ್ಕಿಟ್ಟು, 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂದವರು ಆಮೇಲೆ ನನ್ನ ಜೊತೆ ಮಾತೇ ಆಡಲಿಲ್ಲ. ಉಪ್ಪು ಬೇಕಾದರೂ ಟೈಲರ್ ಮೂಲಕ ಕೇಳಿಸಿದರು!

ಪುಟ್ಟಿ ಸಂಜೆ ಅಭ್ಯಾಸ ಮುಗಿಸಿ ಬರುವಷ್ಟರಲ್ಲಿ ಮಾತು ಅವಳ ಕಿವಿಗೆ ಬಿದ್ದಿತ್ತು. ಬೂಟು ಬಿಚ್ಚದೆ ಹಿಂದಿನ ಕೋಣೆಗೆ ಹೋಗಿ ಮೈದಾಮೂಟೆಯ ಮೇಲೆ ಕೂತಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಮುಖ ಆಚೆ ತಿರುಗಿಸಿ, 'ನೀನು ಹೇಳಿದ್ದು ಸುಳ್ಳಾಗಿದ್ರೆ ಇಷ್ಟು ಸಿಟ್ಟು ಬರ್ತಿರಲಿಲ್ಲ ಅಮ್ಮ' ಎಂದಳು.

'ಕೇಳಿದರು, ಹೇಳಿದೆ. ಇನ್ನೇನು ಮಾಡಲಿ?'

'ಹಲ್ಲುನೋವು ಅಂತ ಸುಮ್ಮನಿರಬಹುದಿತ್ತಲ್ಲ! ಕೋಚ್ ಮಧ್ಯಾಹ್ನ ನನ್ನನ್ನೇ ಕರೆದು ಕೇಳಿದರು. ಗೋಡೆಯಕ್ಕನೇ ನಿಲ್ಲಲಿ ಅಂತ ನಾನೇ ಹೇಳಿ ಬಂದೆ. ಎಷ್ಟು ಕಷ್ಟಪಟ್ಟು ಹೇಳಿದೆ ಗೊತ್ತಾ? ಈಗ ನೋಡು, ಅಮ್ಮ ಹೇಳಿಕೊಟ್ಟಳು ಅಂತಾರೆ ಎಲ್ಲರೂ.'

ಅಕ್ಕಾ, ನಗಬೇಕೋ ಅಳಬೇಕೋ ತಿಳಿಯದೆ ಅವಳನ್ನು ತಬ್ಬಿಕೊಂಡೆ. ಅವಳ ಬೆನ್ನೆಲ್ಲ ಮೈದಾ, ನನ್ನ ಸೆರಗೆಲ್ಲ ಕೆಸರು. ಅವಳೂ ಅತ್ತಳು, ಆಮೇಲೆ ನನ್ನ ಮೂಗಿನ ಮೇಲಿನ ಹಿಟ್ಟು ನೋಡಿ ನಕ್ಕಳು.

ಶನಿವಾರ ಕೋಚ್ ಬ್ರೆಡ್ಡಿಗೆ ಬಂದು, ನಾಳೆ ಗೋಡೆಯಕ್ಕ ಎಂದರು. ನಮ್ಮವರು ಬೇಕೆಂದೇ ಹಿಂದಿನ ದಿನದ ಬ್ರೆಡ್ ಕಟ್ಟಿಕೊಟ್ಟರು.

ಭಾನುವಾರ ಮೈದಾನದಲ್ಲಿ ಸಾಸಿವೆ ಹಾಕಲೂ ಜಾಗವಿಲ್ಲ. ಒಂದರ ಹಿಂದೊಂದು ಎತ್ತರದ ಚೆಂಡು. ಗೋಡೆಯಕ್ಕ ಮುಂದೆ ಬಂದು ಮುಷ್ಟಿಯಿಂದ ಗುದ್ದಿ ಗುದ್ದಿ ಅಟ್ಟಿದಳು. ಬದಲಿ ಆಟಗಾರರ ಬೆಂಚಿನಲ್ಲಿದ್ದ ಪುಟ್ಟಿ ಒಂದು ನಿಮಿಷ ಕೂರಲಿಲ್ಲ. ಅವರ ಉದ್ದನೆಯ ಹುಡುಗಿ ಗೋಲಿನ ಯಾವ ಕಂಬದ ಕಡೆ ನುಸುಳುತ್ತಾಳೆಂದು ಕಣ್ಣಿಟ್ಟು, 'ಅಕ್ಕಾ, ಹಿಂದಿನ ಕಂಬ! ಹಿಂದಿನ ಕಂಬ!' ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಎರಡನೇ ಅವಧಿಯಲ್ಲಿ ನಮ್ಮ ತಂಡದವರು ಒಂದು ಗೋಲು ಹೊಡೆದರು. ಆಮೇಲೆ ಒಂದು ಡಿಕ್ಕಿಯಲ್ಲಿ ಗೋಡೆಯಕ್ಕ ಭುಜ ಹಿಡಿದು ಕೆಳಗೆ ಬಿದ್ದಳು. ಪುಟ್ಟಿ ಆಟಕ್ಕಿಳಿಯಲು ಮೇಲಿನ ಜಾಕೆಟ್ ಬಿಚ್ಚಿದಳು. ಎಲ್ಲರ ಉಸಿರು ನಿಂತಿತು. ಗೋಡೆಯಕ್ಕ ನಿಧಾನಕ್ಕೆ ಎದ್ದು, ಆಡುತ್ತೇನೆಂದು ಕೈ ಬೀಸಿದಳು.

ಕೊನೆಯ ಚೆಂಡು ಮೂಲೆಯಿಂದಲೇ ಬಂತು. ಅಷ್ಟು ಗಲಾಟೆಯ ನಡುವೆಯೂ ಪುಟ್ಟಿಯ ಒಡೆದ ದನಿ ಕೇಳಿಸಿತು. ಗೋಡೆಯಕ್ಕ ಹಿಂದಿನ ಕಂಬಕ್ಕೆ ಹಾರಿ, ಆ ಹುಡುಗಿಯ ತಲೆಯ ಮೇಲಿಂದಲೇ ಚೆಂಡನ್ನು ಎರಡೂ ಕೈಯಲ್ಲಿ ಕಿತ್ತುಕೊಂಡು ಎದೆಗವಚಿದಳು. ಸೀಟಿ ಮೊಳಗಿತು. ಗೆದ್ದೆವು!

ಕಪ್ ಕೊಡುವಾಗ ಗೋಡೆಯಕ್ಕ ಒಬ್ಬಳೇ ಮುಂದೆ ಹೋಗಲಿಲ್ಲ. ಬೆಂಚಿನಿಂದ ಪುಟ್ಟಿಯನ್ನು ದರದರ ಎಳೆದುಕೊಂಡು ಬಂದು, 'ಕೊನೇ ಚೆಂಡು ನಾನು ಹಿಡಿದಿಲ್ಲ, ನಾವಿಬ್ರೂ ಹಿಡಿದಿದ್ದು' ಎಂದಳು. ನಮ್ಮವರು ಟೈಲರನ ಹೆಗಲ ಮೇಲೆ ತಲೆಯಿಟ್ಟು ಹುಚ್ಚರ ಹಾಗೆ ಅತ್ತರು. ಆಮೇಲೆ ನೇರವಾಗಿ ನನ್ನ ಹತ್ತಿರ ಬಂದು, 'ಪುಟ್ಟಿ ನಿಂತಿದ್ರೆ ಮೂರು ಗೋಲಿನಲ್ಲಿ ಗೆಲ್ತಿದ್ವಿ' ಎಂದರು. ಗೋಲ್‌ಕೀಪರ್ ಯಾವಾಗಿಂದ ಗೋಲು ಹೊಡೆಯೋಕೆ ಶುರುಮಾಡಿದಳು ಎಂದು ಕೇಳಿದೆ. ಹಾಗೆ ನಮ್ಮಿಬ್ಬರ ಮಾತು ಮತ್ತೆ ಶುರುವಾಯಿತು.

ಈಗ ಪುಟ್ಟಿಗೆ ದನಿಯೇ ಇಲ್ಲ, ಸನ್ನೆಯಲ್ಲೇ ತಿಂಡಿ ಕೇಳುತ್ತಾಳೆ. ಬೆಳಗ್ಗೆ ಗೋಡೆಯಕ್ಕ ಬಂದು, ಎತ್ತರದ ಚೆಂಡು ಕಲಿಸಿಕೊಡುತ್ತೇನೆ, ನಾಳೆಯಿಂದ ಬಾ ಎಂದು ಹೇಳಿ ಹೋದಳು. ನಿನ್ನ ಕಾಲು ವಾಸಿಯಾದ ಮೇಲೆ ನೀನೂ ಬಾ, ಮುಂದಿನ ಸಾಲಿನಲ್ಲೇ ಕೂರೋಣ.

ನಿನ್ನ ಬಾಯಿಬಡುಕಿ ತಂಗಿ

ಮತ್ತೊಂದು ಮಾತು: ಇದನ್ನು ಓದಿದ ಮೇಲೆ ಮರೆತುಬಿಡು. ಗೋಡೆಯಕ್ಕ ಬಿದ್ದಾಗ ಎಲ್ಲರ ಉಸಿರು ನಿಂತಿತು ಎಂದು ಬರೆದೆನಲ್ಲ, ನನ್ನದು ನಿಲ್ಲಲಿಲ್ಲ. ನ್ಯಾಯ, ಎತ್ತರದ ಚೆಂಡು ಎಲ್ಲ ಮರೆತು ಎದ್ದು ನಿಂತು, 'ಏಳಬೇಡ ತಾಯಿ, ಅಲ್ಲೇ ಮಲಗಿರು, ನನ್ನ ಮಗಳು ಬರಲಿ' ಎಂದುಬಿಟ್ಟೆ. ಜೋರಾಗಿಯೇ ಅಂದೆ ಅನಿಸುತ್ತದೆ. ಮುಂದಿನ ಸಾಲಿನ ಡ್ರೈವರ್ ತಿರುಗಿ ನೋಡಿದ. ಇವತ್ತು ಅವನಿಗೆ ಎರಡು ಬನ್ನು ಪುಕ್ಕಟೆ ಕೊಟ್ಟಿದ್ದೇನೆ.